ದುರ್ಗಕ್ಕೆ ರೋಡ್ ಬೈಕ್: ಕಲ್ಲಿಗಲ್ಲ, ಮುಳ್ಳಿಗೆ ಸಿದ್ಧರಾಗಿ ಬನ್ನಿ

ಪ್ರಶ್ನೆ: ನಾನು ಬೆಂಗಳೂರಿನವನು, ವಯಸ್ಸು 46, ತೂಕ 75 ಕೆ.ಜಿ. ನನ್ನದು ಕಾರ್ಬನ್ ಫ್ರೇಮಿನ, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ರೋಡ್ ಬೈಕ್. 25 ಮಿ.ಮೀ. ಟೈರು, ಒಳಗೆ ಟ್ಯೂಬ್. ನವೆಂಬರ್ ಕೊನೆಯಲ್ಲಿ ಮನೆಯವರ ಜೊತೆ ಮೂರು ದಿನ ಚಿತ್ರದುರ್ಗಕ್ಕೆ ಬರುತ್ತಿದ್ದೇನೆ. ಕೋಟೆ ನೋಡಬೇಕು, ಬೆಳಿಗ್ಗೆ ಹೊತ್ತು ಸುತ್ತಮುತ್ತ ಸೈಕಲ್ ಹೊಡೆಯಬೇಕು ಅಂತ ಆಸೆ. ಗೆಳೆಯರೊಬ್ಬರು, ಅದು ಕಲ್ಲಿನ ಊರು, ನಿನ್ನ ಟೈರು ಒಂದು ದಿನವೂ ಉಳಿಯಲ್ಲ ಅಂದರು. ಇನ್ನೊಬ್ಬರು, ಬಸ್ಸಿನ ಡಿಕ್ಕಿಯ ಬಿಸಿಗೆ ಟೈರು ಸಿಡಿಯುತ್ತೆ, ಗಾಳಿ ಪೂರ್ತಿ ತೆಗೆದುಬಿಡು ಅಂದರು. ಹೆದ್ದಾರಿಯಲ್ಲಿ ಸೈಕಲ್ ಬಿಡುವುದಿಲ್ಲ ಎಂಬ ಮಾತೂ ಇದೆ. ಬಸ್ಸೋ, ರೈಲೋ, ಕಾರೋ? ಜೋಗಿಮಟ್ಟಿ ಹತ್ತಬಹುದೇ? ಕೋಟೆಗೆ ಹೋದಾಗ ಸೈಕಲ್ ಎಲ್ಲಿಡಲಿ?

ಉತ್ತರ: ತನ್ನಿ. ಆದರೆ 25 ಮಿ.ಮೀ. ಟೈರಿನಲ್ಲಿ ಬೇಡ, ಕೋಟೆ ನೋಡುವ ದಿನ ಸೈಕಲ್ಲೂ ಬೇಡ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಟೈರಿನ ಬಗೆಗಿನ ಆತಂಕ ಸರಿಯೇ, ಕಾರಣ ಮಾತ್ರ ತಪ್ಪು. ಡಿಕ್ಕಿಯ ಮಾತು ಪೂರ್ತಿ ತಪ್ಪು. ನಿಜವಾಗಿ ಪ್ರವಾಸ ಕೆಡಿಸುವ ಒಂದು ವಸ್ತುವನ್ನು ಇಬ್ಬರೂ ಹೇಳಿಲ್ಲ, ಅದು ಹಿಂದಿನ ಡಿರೇಲರ್ (ಗೇರು ಬದಲಿಸಲು ಚೈನನ್ನು ಸರಿಸುವ ಭಾಗ) ತೂಗುವ ಹ್ಯಾಂಗರ್. ಅದಕ್ಕೆ ಆಮೇಲೆ ಬರುತ್ತೇನೆ.

ಕೋಟೆಯ ವಿಷಯ ಮೊದಲು ಮುಗಿಸೋಣ. ಏಳು ಸುತ್ತಿನ ಕೋಟೆ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿರುವ ಸ್ಮಾರಕ, ಒಳಗೆ ನಡಿಗೆಯೇ. ಬಾಗಿಲು ದಾಟಿದ ಮೇಲೆ ಏರುಪೇರಿನ ಹಾಸುಗಲ್ಲು, ಮೆಟ್ಟಿಲು, ಇಳಿಜಾರು ಬಂಡೆ. ಮದ್ದು ಬೀಸುವ ಕಲ್ಲು, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಲ್ಲ ನಿಧಾನಕ್ಕೆ ನೋಡಲು ಅರ್ಧ ದಿನ ಬೇಕು. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂನಲ್ಲಿ ಈ ಬಂಡೆ ಹತ್ತಬೇಡಿ. ಸಾವಿರಾರು ಕಾಲು ತುಳಿದು ನುಣುಪಾದ ಕಲ್ಲಿನ ಮೇಲೆ ಪ್ಲಾಸ್ಟಿಕ್ ಕ್ಲೀಟು ಜಾರುತ್ತದೆ. ಜಾರದಿದ್ದರೂ ಒಂದೇ ಹತ್ತಿಳಿತಕ್ಕೆ ಅದರ ಅಂಚು ಸವೆದು, ಪೆಡಲಿನಲ್ಲಿ ಹಿಡಿತ ಸಡಿಲವಾಗುತ್ತದೆ. ರಬ್ಬರ್ ಅಟ್ಟೆಯ ಬೂಟು ಬೇರೆ ತನ್ನಿ.

ಇನ್ನು ಊರೊಳಗಿನ ರಸ್ತೆ. ಕಲ್ಲಿನ ಕೋಟೆ ಇದೆಯೆಂದು ರಸ್ತೆಯೂ ಕಲ್ಲಿನದಲ್ಲ. ಬಿ.ಡಿ. ರಸ್ತೆಯಿರಲಿ, ಹೊಳಲ್ಕೆರೆ ರಸ್ತೆಯಿರಲಿ, ಮಾಮೂಲಿ ಡಾಂಬರು, ಕಾಂಕ್ರೀಟು. ರಂಗಯ್ಯನ ಬಾಗಿಲಿನ ಕಡೆಯ ಹಳೇ ಪೇಟೆಯಲ್ಲಿ ದಾರಿ ಕಿರಿದು, ಬೆಳಿಗ್ಗೆ ಎಂಟರೊಳಗೆ ದಾಟಿಬಿಟ್ಟರೆ ಹಾಯಾಗಿರುತ್ತದೆ. ಅಲ್ಲಿ ನೋಡಿಕೊಳ್ಳಬೇಕಾದ್ದು ಬಣ್ಣ ಬಳಿಯದ ಹಂಪು ಮತ್ತು ಚರಂಡಿ ಮೇಲಿನ ಕಬ್ಬಿಣದ ಜಾಲರಿ. ಜಾಲರಿಯ ಕಂಬಿ ರಸ್ತೆಯ ದಿಕ್ಕಿಗೇ ಉದ್ದಕ್ಕಿದ್ದರೆ ಸಣ್ಣ ಟೈರು ಸಂದಿಗೆ ಇಳಿದುಹೋಗುತ್ತದೆ. ಅಡ್ಡ ಕೋನದಲ್ಲಿ ದಾಟಿ, ಇಲ್ಲವೇ ಇಳಿದು ದಾಟಿ.

ಟೈರು ತಿನ್ನುವುದು ಯಾವುದು

ದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯದು ಮಳೆ ಕಡಿಮೆಯ ಸೀಮೆ. ರಸ್ತೆ ಬದಿಯಲ್ಲಿ ಹುಲುಸಾಗಿ ಬೆಳೆಯುವುದು ಬಳ್ಳಾರಿ ಜಾಲಿ ಮತ್ತು ನೆಲಕ್ಕಂಟಿದ ನೆಗ್ಗಿಲು. ಹೆಚ್ಚಾಗಿ ಪಂಕ್ಚರ್ ಮಾಡುವುದು ಇವೆರಡು, ಮಾಡುವ ರೀತಿ ಮಾತ್ರ ಬೇರೆ.

ಜಾಲಿ ಮುಳ್ಳು ಉದ್ದ, ಗಟ್ಟಿ, ನೇರ. ಹೊಲಕ್ಕೆ ಬೇಲಿ ಹಾಕಲು ಕಡಿದ ಕೊಂಬೆಯಿಂದ, ಸೌದೆ ಹೇರಿದ ಟ್ರ್ಯಾಕ್ಟರಿನಿಂದ ತುಂಡು ಬಿದ್ದಿರುತ್ತದೆ. ಎಲೆ ಒಣಗಿ ಉದುರಿದ ಮೇಲೆ ಕಡ್ಡಿ ಮಣ್ಣಿನ ಬಣ್ಣಕ್ಕೇ ತಿರುಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನೆಗ್ಗಿಲಿನ ಕಾಯಿ ಕಡಲೆಯಷ್ಟು ದೊಡ್ಡದು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಒಂದು ಸಲ ಮಣ್ಣಿನ ಅಂಚಿಗೆ ಇಳಿದು ಬಂದರೆ ಒಂದೇ ಟೈರಿನಲ್ಲಿ ನಾಲ್ಕೈದು ಸಿಕ್ಕಿಕೊಂಡಿರುತ್ತವೆ. ಮುಳ್ಳು ಇರುವಷ್ಟು ಹೊತ್ತು ಅದೇ ಬಿರಡೆಯಂತೆ ಗಾಳಿ ತಡೆಯುತ್ತದೆ, ಕಿತ್ತಾಗ ಸುಯ್ ಎನ್ನುತ್ತದೆ. ರಾತ್ರಿ ಗಟ್ಟಿಯಾಗಿದ್ದ ಟೈರು ಬೆಳಿಗ್ಗೆ ಚಪ್ಪಟೆಯಾಗಿದ್ದರೆ ಬಹುಪಾಲು ಇದೇ ಕಾರಣ.

ಹೆಚ್ಚಿನವರು ಪಂಕ್ಚರ್ ಮಾಡಿಕೊಳ್ಳುವುದು ಸವಾರಿಯಲ್ಲಲ್ಲ, ನಿಲ್ಲಿಸಿದಾಗ. ಹನ್ನೊಂದು ಗಂಟೆ ಬಿಸಿಲಿಗೆ ನೆರಳು ಹುಡುಕುತ್ತೀರಿ. ರಸ್ತೆ ಪಕ್ಕ ಸಿಗುವ ನೆರಳು ಜಾಲಿಯದೇ. ಸೈಕಲ್ಲನ್ನು ಅದರ ಬುಡಕ್ಕೆ ತಳ್ಳಿಕೊಂಡು ಹೋಗುತ್ತೀರಿ. ನೀರು ಕುಡಿದು ಹೊರಟು ಅರ್ಧ ಕಿಲೋಮೀಟರಿಗೆ ಹಿಂದಿನ ಚಕ್ರ ತೇಲಾಡುತ್ತದೆ. ಡಾಂಬರಿನ ಅಂಚು ಬಿಟ್ಟು ಇಳಿಯಲೇಬೇಕಾದಾಗ ಸೈಕಲ್ ಎತ್ತಿಕೊಂಡು ಹೋಗಿ. ಎಂಟೊಂಬತ್ತು ಕೆ.ಜಿ. ಎತ್ತುವುದು ಟ್ಯೂಬ್ ಬದಲಿಸುವುದಕ್ಕಿಂತ ಹಗುರ ಕೆಲಸ.

ಹಾಗಾದರೆ ಯಾವ ಟೈರು? ನಿಮ್ಮ ಫ್ರೇಮಿನಲ್ಲಿ ಜಾಗವಿದ್ದರೆ 28, ಇನ್ನೂ ಇದ್ದರೆ 32. ಟೈರಿಗೂ ಫೋರ್ಕಿಗೂ ನಡುವೆ ಎರಡೂ ಬದಿ, ಮೇಲೆ ಕನಿಷ್ಠ 4 ಮಿ.ಮೀ. ಖಾಲಿ ಉಳಿಯಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡ ಜಲ್ಲಿಕಲ್ಲು ಕಾರ್ಬನ್ನನ್ನು ಕೆರೆಯುತ್ತದೆ. ರೇಸಿನ ತೆಳು ಟೈರು ಬಿಟ್ಟು, ತಳದಲ್ಲಿ ಪಂಕ್ಚರ್ ತಡೆಯುವ ಪಟ್ಟಿ ಇರುವುದನ್ನು ಹಾಕಿ. ಗಾಳಿಯ ಒತ್ತಡ ನಿಮ್ಮ ತೂಕಕ್ಕೆ 28ರಲ್ಲಿ ಹಿಂದೆ 75, ಮುಂದೆ 70 ಪಿಎಸ್‌ಐ ಸಾಕು. 32ರಲ್ಲಿ 60, 55. ರಿಮ್ ಹುಕ್‌ಲೆಸ್ (ಟೈರು ಹಿಡಿಯುವ ಕೊಕ್ಕೆಯಂಚು ಇಲ್ಲದ್ದು) ಆಗಿದ್ದರೆ 72.5 ಪಿಎಸ್‌ಐ ದಾಟುವಂತಿಲ್ಲ, ಅದಕ್ಕೊಪ್ಪುವ ಟ್ಯೂಬ್‌ಲೆಸ್ ಟೈರೇ ಆಗಬೇಕು. ಗಾಳಿ ಗಟ್ಟಿ ಹಿಡಿದಷ್ಟೂ ಮುಳ್ಳು ಚುಚ್ಚುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಗಟ್ಟಿ ಟೈರು ಮುಳ್ಳಿನ ಮೇಲೆ ಬಗ್ಗುವುದಿಲ್ಲ, ಇನ್ನೂ ಚೆನ್ನಾಗಿ ಚುಚ್ಚಿಸಿಕೊಳ್ಳುತ್ತದೆ.

ಟ್ಯೂಬ್‌ಲೆಸ್ ಮತ್ತು ಸೀಲೆಂಟ್ (ತೂತು ತಾನೇ ಮುಚ್ಚುವ ದ್ರವ) ಈ ಸೀಮೆಗೆ ಹೇಳಿ ಮಾಡಿಸಿದ್ದು, ಯಾಕೆಂದರೆ ನೆಗ್ಗಿಲಿನ ತೂತು ಸಣ್ಣದು. 28 ಮಿ.ಮೀ. ಟೈರಿಗೆ 30ರಿಂದ 40 ಮಿ.ಲೀ. ಬೇಕು. ಆದರೆ ಪ್ರವಾಸದ ಹಿಂದಿನ ವಾರ ಮೊದಲ ಬಾರಿಗೆ ಟ್ಯೂಬ್‌ಲೆಸ್‌ಗೆ ಹೋಗಬೇಡಿ. ಅಂಚು ಕೂರುವುದು, ಸೋರುವುದು, ರಿಮ್ ಟೇಪು, ಇವೆಲ್ಲ ಸರಿಹೋಗಲು ಸಮಯ ಬೇಕು. ಟ್ಯೂಬಿನೊಳಗೇ ಸೀಲೆಂಟ್ ಸುರಿಯುವವರೂ ಇದ್ದಾರೆ. 75 ಪಿಎಸ್‌ಐ ಒತ್ತಡದಲ್ಲಿ ಅದು ತೂತು ಮುಚ್ಚುವ ಮೊದಲೇ ಚಿಮ್ಮಿ ಹೋಗುವುದೇ ಹೆಚ್ಚು. ನಿಮಗೆ ನಾನು ಹೇಳುವುದು: ಈ ಸಲ ಟ್ಯೂಬಿನಲ್ಲೇ ಬನ್ನಿ, ಮೂರು ಹೆಚ್ಚುವರಿ ಟ್ಯೂಬ್ ಇಟ್ಟುಕೊಳ್ಳಿ.

ಮೂರು ಯಾಕೆಂದರೆ ಇಲ್ಲಿ ಸಿಗುವ ಟ್ಯೂಬ್ ನಿಮಗಾಗುವುದಿಲ್ಲ. ಹಳೇ ಕರಿ ಸೈಕಲ್ಲಿನ 28 ಇಂಚಿನ ಚಕ್ರದ ಅಳತೆ 635 ಮಿ.ಮೀ., ನಿಮ್ಮ 700 ಸಿ ಚಕ್ರದ್ದು 622. ಟ್ಯೂಬನ್ನು ಹೇಗೋ ಮಡಚಿ ತುರುಕೋಣವೆಂದರೂ ಅದರ ದಪ್ಪ ವಾಲ್ವು ನಿಮ್ಮ ರಿಮ್ಮಿನ ಆರೂವರೆ ಮಿ.ಮೀ. ತೂತಿಗೆ ಇಳಿಯದು. ಪಂಕ್ಚರ್ ಅಂಗಡಿಯವರ ಸಲ್ಯೂಷನ್, ಪ್ಯಾಚು ಮಾತ್ರ ಧಾರಾಳವಾಗಿ ಬಳಸಿ. ಅಂಟಿಸುವ ಸ್ಟಿಕ್ಕರ್ ಪ್ಯಾಚಿಗಿಂತ ಬಿಸಿಲಿಗೆ ಅದೇ ಚೆನ್ನಾಗಿ ನಿಲ್ಲುತ್ತದೆ. ಎರಡು ಎಚ್ಚರಿಕೆ ಸಾಕು. ಟೈರು ಬಿಚ್ಚುವುದನ್ನು ನಿಮ್ಮ ಪ್ಲಾಸ್ಟಿಕ್ ಲಿವರಿನಲ್ಲಿ ನೀವೇ ಮಾಡಿ, ಕಬ್ಬಿಣದ ಲಿವರು ಕಾರ್ಬನ್ ರಿಮ್ಮಿನ ಅಂಚನ್ನು ಸೀಳುತ್ತದೆ. ಗಾಳಿಗೆ ನಿಮ್ಮ ಸಣ್ಣ ವಾಲ್ವಿಗೆ ತೊಡಿಸುವ ಪ್ರೆಸ್ಟಾ ಅಡಾಪ್ಟರ್ ಜೇಬಿನಲ್ಲಿರಲಿ, ಆದರೆ ಲಾರಿಗೆ ಹಿಡಿಯುವ ಕಂಪ್ರೆಸರಿನ ಪೈಪನ್ನು ಒತ್ತಿ ಹಿಡಿಯಲು ಬಿಡಬೇಡಿ. ನಿಮ್ಮ ಟ್ಯೂಬಿನ ಹೊಟ್ಟೆ ಸಣ್ಣದು, ಒಂದೆರಡು ಸೆಕೆಂಡಿನಲ್ಲಿ ಮಿತಿ ದಾಟುತ್ತದೆ. ಚುಟುಕು ಚುಟುಕಾಗಿ ಹಿಡಿಸಿ, ಕೈಯಲ್ಲಿ ಒತ್ತಿ ನೋಡಿ.

ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈ ಪೂರ್ತಿ ಒಂದು ಹಳೇ ಹತ್ತಿ ಬಟ್ಟೆಯಿಂದ ಒರೆಸಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಕೆಲವೊಮ್ಮೆ ಸಿಗುವುದಿಲ್ಲ, ಹತ್ತಿಯ ಎಳೆ ಮಾತ್ರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಟೈರಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಮೊದಲೇ ಹಾಕಿಕೊಂಡಿದ್ದರೆ, ಟ್ಯೂಬಿನ ತೂತಿನ ಜಾಗದಿಂದ ಟೈರಿನ ಜಾಗ ಹುಡುಕುವುದು ಸುಲಭ. ಇದನ್ನು ಬಿಟ್ಟವರಿಗೇ ಎರಡು ಕಿಲೋಮೀಟರಿನಲ್ಲಿ ಎರಡನೇ ಪಂಕ್ಚರ್.

ತರುವುದು ಹೇಗೆ

ಡಿಕ್ಕಿಯ ಬಿಸಿಗೆ ಟೈರು ಸಿಡಿಯದು. 75 ಪಿಎಸ್‌ಐ ಇರುವ ಟೈರು 20 ಡಿಗ್ರಿ ಹೆಚ್ಚು ಬಿಸಿಯಾದರೆ ಒತ್ತಡ ಏರುವುದು ಸುಮಾರು 6 ಪಿಎಸ್‌ಐ ಅಷ್ಟೇ. ಗಾಳಿ ಪೂರ್ತಿ ತೆಗೆದರೆ ನಷ್ಟವೇ ಹೆಚ್ಚು, ಸಾಮಾನು ಒತ್ತಿದಾಗ ರಿಮ್ಮಿಗೆ ಮೆತ್ತೆಯೇ ಇರುವುದಿಲ್ಲ. 30–40ಕ್ಕೆ ಇಳಿಸಿ, ಸಾಕು.

ಕಾರಿದ್ದರೆ ಯೋಚನೆಯೇ ಬೇಡ. ಎರಡೂ ಚಕ್ರ ಬಿಚ್ಚಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಚೈನಿಗೆ ಹಳೇ ಪಂಚೆ ಸುತ್ತಿ. ಬೆಂಗಳೂರಿನಿಂದ ಸುಮಾರು 200 ಕಿ.ಮೀ., ರಸ್ತೆ ಚೆನ್ನಾಗಿದೆ.

ಬಸ್ಸಿನಲ್ಲಾದರೆ ಕಾರ್ಬನ್ನಿಗೆ ಅಪಾಯ ತೂಕದಿಂದಲ್ಲ, ಒಂದೇ ಜಾಗಕ್ಕೆ ಬೀಳುವ ಒತ್ತಡದಿಂದ. ಈರುಳ್ಳಿ ಮೂಟೆ ಮೆತ್ತಗೆ ಕೂತರೆ ಏನೂ ಆಗದು. ಕಬ್ಬಿಣದ ಪೆಟ್ಟಿಗೆಯ ಮೂಲೆ ಫ್ರೇಮಿನ ಮೇಲಿನ ಕೊಳವೆಗೆ ತಗುಲಿದರೆ ಒಳಗೆ ಬಿರುಕು. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಕೇಳಿದರೆ ಕೊಡುತ್ತಾರೆ, ಜೊತೆಗೆ ಫೋರ್ಕಿನ ತುದಿಗಳ ನಡುವೆ ಕೂರಿಸುವ ಪ್ಲಾಸ್ಟಿಕ್ ಅಡ್ಡಪಟ್ಟಿಯನ್ನೂ ಕೇಳಿ ಪಡೆಯಿರಿ. ಚಕ್ರವಿಲ್ಲದ ಫೋರ್ಕನ್ನು ಪಕ್ಕದಿಂದ ಒತ್ತಿದರೆ ತುದಿ ಮುರಿಯುತ್ತದೆ, ಆ ಪಟ್ಟಿ ಇರುವುದೇ ಅದಕ್ಕೆ. ಫ್ರೇಮಿನ ಕೊಳವೆಗಳಿಗೆ ಎಸಿ ಪೈಪಿಗೆ ಹಾಕುವ ಕರಿ ಫೋಮು ಸೀಳಿ ತೊಡಿಸಿ.

ಬಿಚ್ಚುವ ಕ್ರಮ ಹೀಗೆ. ಗೇರನ್ನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ತನ್ನಿ. ಸೀಟಿನ ಎತ್ತರಕ್ಕೆ ಟೇಪು ಸುತ್ತಿ ಗುರುತಿಟ್ಟು ಕೆಳಗಿಳಿಸಿ. ಪೆಡಲ್ ಬಿಚ್ಚುವಾಗ ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ ತಿರುಗುತ್ತದೆ. ಎಡಗಡೆಯ ಉಲ್ಟಾ ಮರೆ ಗೊತ್ತಿಲ್ಲದೆ ಬಲ ಹಾಕಿ ಕ್ರ್ಯಾಂಕ್ ಹಾಳುಮಾಡಿಕೊಳ್ಳುವವರು ಕಡಿಮೆಯೇನಲ್ಲ. ಹ್ಯಾಂಡಲ್ ಬಿಚ್ಚಲು ಅದನ್ನು ಹಿಡಿದಿರುವ ಸ್ಟೆಮ್ಮಿನ ಮುಂದಿನ ನಾಲ್ಕು ಬೋಲ್ಟು ಮಾತ್ರ ಸಡಿಲಿಸಿ, ಮೇಲಿನ ಟೋಪಿ ಬೋಲ್ಟು ಮುಟ್ಟಬೇಡಿ. ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಸ್ಪೇಸರ್ ಇಡಿ, ಇಲ್ಲದಿದ್ದರೆ ಮಡಚಿದ ರಟ್ಟಾದರೂ ಸರಿ. ಅದಿಲ್ಲದೆ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದು ಪ್ಯಾಡು ಅಂಟಿಕೊಳ್ಳುತ್ತದೆ, ಆಮೇಲೆ ಡಿಸ್ಕು ಒಳಗೆ ಹೋಗದು. ಕೊನೆಗೆ 5 ಮಿ.ಮೀ. ಅಲೆನ್ ಕೀಯಿಂದ ಹಿಂದಿನ ಡಿರೇಲರನ್ನು ಹ್ಯಾಂಗರಿನಿಂದ ಕಳಚಿ, ಬಬಲ್ ಹಾಳೆ ಸುತ್ತಿ ಚೈನ್‌ಸ್ಟೇಗೆ (ಹಿಂದಿನ ಚಕ್ರದತ್ತ ಹೋಗುವ ಫ್ರೇಮಿನ ಕೆಳ ಕೊಳವೆಗೆ) ಕಟ್ಟಿ.

ಈ ಕೊನೆಯದನ್ನು ಎಲ್ಲರೂ ಸೋಮಾರಿತನದಿಂದ ಬಿಡುತ್ತಾರೆ. ಹ್ಯಾಂಗರ್ ಎನ್ನುವುದು ಡಿರೇಲರ್ ತೂಗುವ ಸಣ್ಣ ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಬಗ್ಗಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಒರಗಿದರೂ ಎರಡು-ಮೂರು ಮಿ.ಮೀ. ಒಳಕ್ಕೆ ಬಗ್ಗುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಮರುದಿನ ಏರಿನಲ್ಲಿ ಅತಿ ದೊಡ್ಡ ಹಲ್ಲಿಗೆ ಗೇರು ಹಾಕುತ್ತೀರಿ, ಡಿರೇಲರ್ ಕಡ್ಡಿಗಳೊಳಗೆ ನುಗ್ಗುತ್ತದೆ. ಚಕ್ರ, ಡಿರೇಲರ್, ಕೆಲವೊಮ್ಮೆ ಫ್ರೇಮ್ ಕೂಡ ಒಟ್ಟಿಗೇ ಹೋಗುತ್ತವೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ನಿಮ್ಮದೇ ಆಕಾರದ್ದು ಸಿಗುತ್ತದೆಂದು ನಂಬಿ ಬರಬೇಡಿ. ಬೆಂಗಳೂರಿನಲ್ಲೇ ಒಂದು ಹೆಚ್ಚುವರಿ ಕೊಂಡು ಬ್ಯಾಗಿಗೆ ಹಾಕಿ. ಲಾಡ್ಜಿನಲ್ಲಿ ಜೋಡಿಸಿದ ಮೇಲೆ ಸೈಕಲ್ಲಿನ ಹಿಂದೆ ಕೂತು ನೋಡಿ: ಡಿರೇಲರಿನ ಎರಡು ಪುಟ್ಟ ಚಕ್ರ ಮೇಲಿನ ಹಲ್ಲಿನ ನೇರಕ್ಕೇ ಒಂದೇ ಗೆರೆಯಲ್ಲಿರಬೇಕು. ಹಿಂದಿನ ಚಕ್ರ ಎತ್ತಿ, ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರು ದೊಡ್ಡ ಹಲ್ಲಿನವರೆಗೆ ಏರಿಸಿ. ಟಿಕ್ ಟಿಕ್ ಎಂದು ಕಡ್ಡಿಗೆ ತಗುಲುವ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಹ್ಯಾಂಡಲ್ ಬೋಲ್ಟು 5 ನ್ಯೂಟನ್ ಮೀಟರ್, ಅಥವಾ ಸ್ಟೆಮ್ಮಿನ ಮೇಲೆ ಬರೆದಷ್ಟು, ಅಡ್ಡಡ್ಡ ಜೋಡಿಯಾಗಿ ಬಿಗಿ ಮಾಡಿ. ಕೈಯಂದಾಜು ಅಲ್ಯೂಮಿನಿಯಂಗೆ ಸರಿ, ಕಾರ್ಬನ್ನಿಗೆ ಬೇಡ. ಬಿಗಿ ಅಳೆಯುವ ಸಣ್ಣ ಟಾರ್ಕ್ ಕೀ ತನ್ನಿ.

ಡಿಕ್ಕಿಯಲ್ಲಿ ಡಬ್ಬವನ್ನು ಎಡಮಗ್ಗುಲಿಗೆ, ಅಂದರೆ ಗೇರು ಮೇಲೆ ಬರುವಂತೆ, ಎಲ್ಲ ಸಾಮಾನಿನ ಮೇಲೆ ಕೊನೆಗೆ ಇಡಿಸಿ. ನಡುದಾರಿಯ ನಿಲ್ದಾಣಗಳಲ್ಲಿ ಇಳಿದು ನೋಡಬೇಕಾಗುತ್ತದೆ, ಅದೇ ಬಸ್ಸಿನ ದೊಡ್ಡ ತಾಪತ್ರಯ. ಡಿಕ್ಕಿ ದೊಡ್ಡದಿರುವ ಬಸ್ಸನ್ನೇ ಆರಿಸಿ, ಲಗೇಜಿಗೆ ಚೀಟಿ ಹರಿಸಿಕೊಳ್ಳಿ.

ರೈಲಿಗೆ ಬಂದರೆ, ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ದಾವಣಗೆರೆಗೆ ಬರುತ್ತದೆ, ದುರ್ಗಕ್ಕಲ್ಲ. ದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆಗೆ ಒಡೆಯುವ ಮಾರ್ಗದಲ್ಲಿ. ಹಾಗಾಗಿ ದಾವಣಗೆರೆಯಲ್ಲಿ ಇಳಿಯುವುದು ಸಲೀಸು. ಬ್ರೇಕ್ ವ್ಯಾನ್ ಇರುವ ರೈಲೇ ಆಗಬೇಕು; ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದಾದರೂ ಅದರಲ್ಲಿ ಲಗೇಜ್ ವ್ಯಾನ್ ಇಲ್ಲ. ಹೊರಡುವ ಒಂದೂವರೆ ಗಂಟೆ ಮೊದಲೇ ಪಾರ್ಸಲ್ ಕಚೇರಿಗೆ ಹೋಗಿ, ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಿ. ಪಾರ್ಸಲ್ ಎಂದರೆ ನಿಮ್ಮ ರೈಲಿನಲ್ಲೇ ಬರುತ್ತದೆಂಬ ಭರವಸೆಯಿಲ್ಲ. ಹೆಸರು, ಪಿಎನ್‌ಆರ್, ಇಳಿಯುವ ನಿಲ್ದಾಣವನ್ನು ಡಬ್ಬದ ಎರಡೂ ಬದಿ ದಪ್ಪ ಅಕ್ಷರದಲ್ಲಿ ಬರೆದು, ಒಂದು ಚೀಟಿ ಒಳಗೂ ಹಾಕಿ. ದಾವಣಗೆರೆಯಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಇಳಿದ ತಕ್ಷಣ ವ್ಯಾನಿನ ಹತ್ತಿರ ಓಡಿ, ಇಳಿಸುವುದನ್ನು ನಿಂತು ನೋಡಿ. ಮನೆಯವರು ಸಾಮಾನು ಹಿಡಿದುಕೊಂಡಿರಲಿ.

ಎಲ್ಲಿ ಓಡಿಸುವುದು

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೊ, ಸೈಕಲ್ ನಿಷೇಧವಿದೆ. ಅದನ್ನೇ ಜನ ಎಲ್ಲ ಹೆದ್ದಾರಿಗೂ ಹಚ್ಚಿ ಮಾತಾಡುತ್ತಾರೆ. ಆ ಆದೇಶ ಆ ರಸ್ತೆಯದು. ಇಲ್ಲಿ ಪ್ರವೇಶದಲ್ಲಿ ಸೈಕಲ್ ನಿಷೇಧದ ಫಲಕ ಕಂಡರೆ ಸರ್ವಿಸ್ ರಸ್ತೆ ಹಿಡಿಯಿರಿ, ಇಲ್ಲದಿದ್ದರೆ ಎಡ ಅಂಚಿನಲ್ಲಿ ಹೋಗಿ.

ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ದುರ್ಗಕ್ಕೆ ಸುಮಾರು 60 ಕಿ.ಮೀ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ ಸುಮಾರು 730. ಗೊತ್ತಾಗದಂತೆ ಏರುತ್ತಲೇ ಇರುತ್ತೀರಿ. ಹೆದ್ದಾರಿಯ ಅಂಚಿನಲ್ಲಿ ಮುಳ್ಳಿಗಿಂತ ಲಾರಿ ಟೈರು ಸಿಡಿದ ಚೂರುಗಳು ಹೆಚ್ಚು. ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ಪಂಕ್ಚರ್ ಪಟ್ಟಿಯನ್ನೂ ದಾಟುತ್ತದೆ. ಕರಿ ರಬ್ಬರ್ ಚೂರು ಕಂಡಲ್ಲಿ ಸುತ್ತಿಹೋಗಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು, ಟ್ರ್ಯಾಕ್ಟರು ಮಾಮೂಲು.

ನೀವು ಬರುವ ಕಾಲಕ್ಕೆ ಇನ್ನೊಂದಿದೆ. ಮೆಕ್ಕೆಜೋಳದ ಸುಗ್ಗಿ. ಸರ್ವಿಸ್ ರಸ್ತೆ, ಹಳ್ಳಿ ರಸ್ತೆಯ ಅರ್ಧ ಅಗಲಕ್ಕೆ ಕಾಳು ಹರಡಿ, ಸುತ್ತ ತಲೆಗಾತ್ರದ ಕಲ್ಲು ಜೋಡಿಸಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರಿ ಬೀಳುವುದು ಖಂಡಿತ. ರಾಶಿ ಎತ್ತಿದ ಮೇಲೂ ಆ ಕಲ್ಲುಗಳು ಕೆಲವು ಅಲ್ಲೇ ಉಳಿದಿರುತ್ತವೆ, ಆದ್ದರಿಂದ ಬೆಳಕು ಹರಿಯದೆ ಹೊರಡಬೇಡಿ. ಗಾಳಿಯ ಚಿಂತೆ ನಿಮಗಿಲ್ಲ. ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವ ಸೀಮೆಯಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿಗೆ ದಾವಣಗೆರೆ ಕಡೆ ಹೊರಟವರು ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ನವೆಂಬರಿನಲ್ಲಿ ಆ ಜೋರಿಲ್ಲ.

ಜೋಗಿಮಟ್ಟಿ ಹತ್ತಬಹುದು, ಗೇರು ಇದ್ದರೆ. ಮುಂದೆ 34, ಹಿಂದೆ 28 ಹಲ್ಲಿನಲ್ಲಿ ಮೊಣಕಾಲು ಬೇಡವೆನ್ನುತ್ತದೆ. ಹಿಂದೆ 32 ಅಥವಾ 34 ಇರಲಿ. ಕಿರಿದಾದ ರಸ್ತೆ, ಕಡಿದಾದ ತಿರುವು. ಕರಡಿ, ಚಿರತೆ ಇರುವ ಕಾಡು, ಅರಣ್ಯ ಇಲಾಖೆಯ ಗೇಟಿನಲ್ಲಿ ಸಮಯ ಮತ್ತು ಅನುಮತಿ ಕೇಳಿಕೊಂಡೇ ಹೋಗಿ, ಒಬ್ಬರೇ ಹೋಗಬೇಡಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿ ಹಿಡಿದು, ಬಿಟ್ಟು, ಡಿಸ್ಕು ಆರಲು ಬಿಡಿ.

ಚಂದ್ರವಳ್ಳಿ ಊರಿನ ಮಗ್ಗುಲಲ್ಲೇ ಇದೆ, ಬಂದ ದಿನ ಸಂಜೆ ಜೋಡಿಸಿದ ಸೈಕಲ್ಲಿನ ಪರೀಕ್ಷೆಗೆ ಸರಿಯಾದ ದೂರ. ಕದಂಬ ಮಯೂರಶರ್ಮನ ಶಾಸನ ಇರುವುದು ಇಲ್ಲೇ. ಡಾಂಬರು ಮುಗಿದಲ್ಲಿ ಇಳಿಯಿರಿ. ಉದ್ದ ಸವಾರಿ ಬೇಕಿದ್ದರೆ ವಾಣಿವಿಲಾಸ ಸಾಗರ. ಹಿರಿಯೂರಿಗೆ 40, ಅಲ್ಲಿಂದ ಅಣೆಕಟ್ಟೆಗೆ ಸುಮಾರು 20 ಕಿ.ಮೀ. ಮೈಸೂರು ಅರಸರ ಕಾಲದಲ್ಲಿ ವೇದಾವತಿಗೆ ಕಟ್ಟಿದ ಈ ಅಣೆ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಹೋಗಿಬರಲು 120 ಕಿ.ಮೀ. ಆಗುತ್ತದೆ. ಮನೆಯವರನ್ನು ಕಾರಿನಲ್ಲಿ ಅಲ್ಲಿಗೆ ಬರಹೇಳಿ, ನೀವು ಒಂದು ದಿಕ್ಕಿಗೆ ಮಾತ್ರ ಓಡಿಸಿ, ಊಟ ಒಟ್ಟಿಗೆ ಮಾಡಿ ಹಿಂದಿರುಗುವುದು ನನಗೆ ಸರಿ ಕಾಣುತ್ತದೆ. ಮೂರು ದಿನದಲ್ಲಿ ಒಂದು ಪೂರ್ತಿ ದಿನ ಅವರನ್ನು ಲಾಡ್ಜಿನಲ್ಲಿ ಕೂರಿಸುವುದು ಸಲ್ಲದು.

ಸೈಕಲ್ ಇಡುವ ಮಾತು. ಕೋಟೆಗೆ ಹೋಗುವ ದಿನ ಅದು ಲಾಡ್ಜಿನ ಕೋಣೆಯೊಳಗೇ ಇರಲಿ. ಕೋಣೆಗೆ ಒಯ್ಯಲು ಬಿಡುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ, ಕೆಳಗೆ ಪಾರ್ಕಿಂಗಿನಲ್ಲಿಡಿ ಎಂದರೆ ಬೇರೆ ಲಾಡ್ಜು ನೋಡಿ. ದಾರಿಯಲ್ಲಿ ತಿಂಡಿಗೆ ನಿಂತರೆ ಕಣ್ಣಿಗೆ ಕಾಣುವ ಕಡೆ, ಬೀಗದ ತಂತಿಯನ್ನು ಹಿಂದಿನ ಚಕ್ರ ಮತ್ತು ಫ್ರೇಮ್ ಎರಡಕ್ಕೂ ಸುತ್ತಿ ಕಂಬಕ್ಕೆ ಕಟ್ಟಿ. ಕಳ್ಳತನಕ್ಕಿಂತ ಕುತೂಹಲವೇ ಹೆಚ್ಚು ಕಾಟ ಕೊಡುವುದು. ಹುಡುಗರು ಸುತ್ತ ಸೇರಿ ಗೇರಿನ ಲಿವರನ್ನು ಟಕಟಕ ಒತ್ತುತ್ತಾರೆ. ಅದರಿಂದ ಏನೂ ಮುರಿಯುವುದಿಲ್ಲ, ಆದರೆ ನೀವು ಹತ್ತಿ ಮೊದಲ ಪೆಡಲ್ ಜೋರಾಗಿ ತುಳಿದರೆ ಚೈನು ಒಮ್ಮೆಲೇ ನಾಲ್ಕೈದು ಹಲ್ಲು ಹಾರಿ ಕಳಚಿಕೊಳ್ಳುತ್ತದೆ. ಹೊರಡುವ ಮುನ್ನ ಹಿಂದಿನ ಚಕ್ರ ಎತ್ತಿ ಪೆಡಲನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಆಮೇಲೆ ಹತ್ತಿ.